ಹಂಸಕ್ಕೊಂದು ಮೂಲಪದ

ತೀರ್ಥಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, ಹಂಚಿನ ಅಂಚಿನಿಂದ ಎಡೆಬಿಡದೆ ಸುರಿಯುವ ಮಳೆಯ ನಡುವೆ, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರು ತಮ್ಮ ಕಥೆಗಳ ಎಲ್ಫ್ ಎಂಬ ಕಾಲ್ಪನಿಕ ಜನರಿಗಾಗಿ ಕಟ್ಟಿದ ಮೂಲಭಾಷೆಯ ಧ್ವನಿವ್ಯವಸ್ಥೆಯ ಬಗ್ಗೆ ಓದುತ್ತಿದ್ದೆ. ಆ ಭಾಷೆಯಲ್ಲಿ ಹಂಸಕ್ಕೆ ‘ಅಲ್ಕ್ವಾ’ ಎಂಬ ಪದವಿತ್ತೆಂದು ಅವರು ಕಲ್ಪಿಸಿದರು. ಆ ಮೂಲಭಾಷೆಯಿಂದ ಕವಲೊಡೆದವೆಂದು ಅವರೇ ಕಲ್ಪಿಸಿದ ನುಡಿಗಳಲ್ಲಿ ಅದರ ‘ಕ್ವ’ ಬೇರೆ ಬೇರೆ ದಾರಿ ಹಿಡಿಯಿತು: ಕ್ವೆನ್ಯಾದಲ್ಲಿ ಹಾಗೆಯೇ ಉಳಿದು ‘ಅಲ್ಕ್ವ’ ಆಯಿತು, ಟೆಲೆರಿನ್‌ನಲ್ಲಿ ತುಟಿಗೆ ಸರಿದು ‘ಅಲ್ಪ’ ಆಯಿತು, ಸಿಂಡರಿನ್‌ನಲ್ಲಿ ಆ ಪಕಾರವೂ ಸಡಿಲಗೊಂಡು, ಕೊನೆಯ ಸ್ವರ ಉದುರಿ ‘ಅಲ್ಫ್’ ಎಂದು ನಿಂತಿತು. ಇಲ್ಲಿನ ಫಕಾರವನ್ನು ‘ಕಾಫಿ’ಯಲ್ಲಿರುವಂತೆ ಉಚ್ಚರಿಸಬೇಕು.

ಯಾವ ಊರಿನಲ್ಲೂ ಯಾರೂ ಆಡದ ನುಡಿಗೆ ಇಷ್ಟು ನಿಷ್ಠೆಯಿಂದ ಸವೆತದ ನಿಯಮಗಳನ್ನು ಕೊಟ್ಟದ್ದು ನನಗೆ ಅವರ ಕಥೆಗಳಿಗಿಂತಲೂ ದೊಡ್ಡ ಸೃಷ್ಟಿಯೆನಿಸುತ್ತದೆ. ಹಳಗನ್ನಡದ ‘ಪಾಲ್’ ಹಾಲಾದದ್ದು, ‘ಪುಲಿ’ ಹುಲಿಯಾದದ್ದು ಇಂಥದೇ ಒಂದು ನಿಯಮದಿಂದ; ತಮಿಳು ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ, ನಾವು ಶತಮಾನಗಳ ಹಿಂದೆಯೇ ಬಿಟ್ಟುಕೊಟ್ಟೆವು.

ಅಷ್ಟರಲ್ಲಿ ಒಳಗಿನಿಂದ ಅಮ್ಮ, “ಹಾಲು ಉಕ್ತಾ ಇದೆ, ನೋಡೋ ಮಾರಾಯ” ಎಂದು ಕೂಗಿದರು. ದಿನವೂ ಕೇಳುವ ಆ ಪದದ ಮೊದಲ ಅಕ್ಷರದ ಹಿಂದೆ, ತುಟಿಗಳು ಒಮ್ಮೆ ಕೂಡಿ ಬಿಡುವ ಹಳೆಯ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.