ಟೋಯಿಕ್ ಮೇಲ್ಮನವಿಗೆ ಮಾರ್ಕ್ಸ್ ಕಾರ್ಡ್ ಒಂದೇ ಸಾಲದು

ಬ್ರಿಟನ್ನಿನಲ್ಲಿರುವ ಮಗನ ಮೇಲೆ ಟೋಯಿಕ್ ಆರೋಪ (ವೀಸಾಕ್ಕಾಗಿ ಬರೆದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತನ್ನ ಬದಲು ಬೇರೆಯವರನ್ನು ಕೂರಿಸಿದನೆಂಬ ಆರೋಪ) ಬಂದರೆ ಕಲಬುರಗಿಯ ಮನೆಯವರು ಮೊದಲು ಹುಡುಕುವುದು ಇಂಗ್ಲಿಷ್ ಮೀಡಿಯಂ ಎಸ್ಸೆಸ್ಸೆಲ್ಸಿ, ಡಿಗ್ರಿ ಮಾರ್ಕ್ಸ್ ಕಾರ್ಡುಗಳನ್ನು. ಲಗತ್ತಿಸಿ, ತಪ್ಪಿಲ್ಲ. ಆದರೆ ಇಂಗ್ಲಿಷ್ ಬಲ್ಲವರೂ ತಮ್ಮ ಬದಲು ಇನ್ನೊಬ್ಬರನ್ನು ಕೂರಿಸಲು ನಾನಾ ಕಾರಣಗಳಿರಬಹುದು ಎಂದು ವಲಸೆ ಮೇಲ್ಮನವಿ ಕೇಳುವ ಅಲ್ಲಿನ ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅವರು ತೂಗಿ ನೋಡುವುದು, ಆ ದಿನ ಮೈಕಿನ ಮುಂದೆ ಕೂತವರು ಯಾರು ಎಂಬುದನ್ನು.

2014ರ ಫೆಬ್ರುವರಿಯಲ್ಲಿ ಬಿಬಿಸಿಯ ಟಿವಿ ಕಾರ್ಯಕ್ರಮ ಪನೋರಮಾ ಈ ವಂಚನೆಯನ್ನು ತೋರಿಸಿದ ಮೇಲೆ ಪರೀಕ್ಷಾ ಸಂಸ್ಥೆ ಇಟಿಎಸ್ 58,458 ಪರೀಕ್ಷೆಗಳ ಧ್ವನಿ ತಪಾಸಿಸಿತು. 33,663 ‘ಅಸಿಂಧು’, 22,476 ‘ಸಂಶಯಾಸ್ಪದ’ ಎಂದಿತು. ವೀಸಾ ನಿರಾಕರಣೆ ಪತ್ರದಲ್ಲಿ ಇವೆರಡರಲ್ಲಿ ಯಾವುದಿದೆ ನೋಡಿ. ‘ಸಂಶಯಾಸ್ಪದ’ ಅಂದರೆ ಅನುಮಾನ ಮುಖ್ಯವಾಗಿ ಆ ಕೇಂದ್ರದ ಮೇಲೆ; ‘ಅಸಿಂಧು’ ಅಂದರೆ ಧ್ವನಿಯೇ ಬೇರೆಯವರದೆಂಬ ಆರೋಪ. ‘ಅಸಿಂಧು’ವೇ ಹೆಚ್ಚು ಕಠಿಣ.

ವಂಚನೆ ಸಾಬೀತು ಮಾಡುವ ಹೊಣೆ ಹೋಮ್ ಆಫೀಸಿನದೇ (ವೀಸಾ ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ), ನಿಜ. ಆದರೆ ಅದೇ ನ್ಯಾಯಮಂಡಳಿಯ 2022ರ ತೀರ್ಪಿನ ಪ್ರಕಾರ ಅವರ ಸಾಕ್ಷ್ಯ ಮೇಲ್ನೋಟಕ್ಕೆ ಸಾಕಷ್ಟು ಗಟ್ಟಿ. ಅದಕ್ಕೆ ಉತ್ತರ ಕೊಡದಿದ್ದರೆ ಸೋಲು ಬಹುತೇಕ ಖಚಿತ. ಉತ್ತರವೆಂದರೆ ಆರೋಪ ಹೊತ್ತವರ ಲಿಖಿತ ಹೇಳಿಕೆ: ಆ ಕೇಂದ್ರವನ್ನೇ ಏಕೆ ಆರಿಸಿಕೊಂಡಿರಿ, ಶುಲ್ಕ ಹೇಗೆ ಕಟ್ಟಿದಿರಿ, ಹೇಗೆ ಹೋದಿರಿ, ಗುರುತು ಯಾರು ನೋಡಿದರು, ಕೋಣೆ ಹೇಗಿತ್ತು. ಮಾತಿನ ಪರೀಕ್ಷೆ ಸುಮಾರು 20 ನಿಮಿಷ, 11 ಪ್ರಶ್ನೆ. ಬರವಣಿಗೆ ಸುಮಾರು ಒಂದು ಗಂಟೆ, 8 ಪ್ರಶ್ನೆ. ಇದರ ಅಂದಾಜೇ ಇಲ್ಲದವರು ಪಾಟೀಸವಾಲಿನಲ್ಲಿ ತಡವರಿಸುತ್ತಾರೆ. ಹಾಗಂತ ಮರೆತದ್ದನ್ನು ಕಟ್ಟಿ ಹೇಳಬೇಡಿ. ‘ನೆನಪಿಲ್ಲ’ ಎಂದರೆ ಸಹಿಸುತ್ತಾರೆ, ಗೆಳೆಯನ ಹೇಳಿಕೆಯ ನಕಲನ್ನು ಸಹಿಸುವುದಿಲ್ಲ.

ಆ ಪರೀಕ್ಷೆಯ ಧ್ವನಿ ಕಡತವನ್ನು (ರೆಕಾರ್ಡಿಂಗ್) ಮೊದಲೇ ಕೋರಿ ತರಿಸಿಕೊಳ್ಳಿ. ಧ್ವನಿ ನಿಮ್ಮದೇ ಆಗಿದ್ದರೆ ತಜ್ಞರ ಹೋಲಿಕೆ ವರದಿಗೆ ದುಡ್ಡು ಹಾಕಬಹುದು. ನಿಮ್ಮದಲ್ಲದಿದ್ದರೆ ‘ಕಡತ ಅದಲುಬದಲಾಗಿದೆ’ ಎಂಬ ಒಂದೇ ವಾದಕ್ಕೆ ಜೋತುಬೀಳಬೇಡಿ. 2022ರಲ್ಲಿ ಅದು ನಿಲ್ಲಲಿಲ್ಲ.

ಈಗ ಮೇಲ್ಮನವಿ ಸಾಮಾನ್ಯವಾಗಿ ಮಾನವ ಹಕ್ಕುಗಳ ಅರ್ಜಿ ತಿರಸ್ಕಾರವಾದಾಗಲೇ ಸಿಗುವುದು. ಅದನ್ನು ಸಲ್ಲಿಸಲು ಗಡುವು, ಬ್ರಿಟನ್ನಿನಲ್ಲೇ ಇದ್ದರೆ 14 ದಿನ, ಹೊರಗಿದ್ದರೆ 28 ದಿನ. ಶುಲ್ಕ ಕಾಗದದ ಮೇಲಿನ ತೀರ್ಮಾನಕ್ಕೆ 80 ಪೌಂಡ್, ವಿಚಾರಣೆಗೆ 140.

ಮನೆಯವರು ಕಳಿಸಬೇಕಾದದ್ದು ‘ನಮ್ಮ ಹುಡುಗ ಒಳ್ಳೆಯವ’ ಎಂಬ ಅಫಿಡವಿಟ್ ಅಲ್ಲ (ನೋಟರಿ ಮಾಡಿಸಿದರೂ ಅದಕ್ಕೆ ತೂಕ ಕಡಿಮೆ). ಆ ಹೊತ್ತಿಗೆ ದುಡ್ಡು ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್, ಅಂದಿನ ಇಮೇಲ್ ಕಳಿಸಿ. ಕನ್ನಡ, ಉರ್ದು ಕಾಗದವಿದ್ದರೆ ಇಂಗ್ಲಿಷ್ ಅನುವಾದವನ್ನೂ, ಅದು ಸರಿಯಿದೆ ಎಂದು ಅನುವಾದಕರು ಸಹಿ ಮಾಡಿದ ಒಕ್ಕಣೆಯನ್ನೂ ಜೊತೆಗಿಡಿ.