ಎರಡು ಸಾವಿರ ವರ್ಷ ಆಯಿತು, ಇನ್ನೂ ಕಾಯುತ್ತೀರಾ?

ನಾನು ಕ್ರೈಸ್ತ ಎಂದು ಗೊತ್ತಿರುವ, ಸಲುಗೆಯೂ ಇರುವ ಗೆಳೆಯರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಯೇಸು ಮತ್ತೆ ಬರುತ್ತಾನೆ, ದೇವರ ರಾಜ್ಯ ಬರುತ್ತದೆ ಅಂತೀರಿ. ಎರಡು ಸಾವಿರ ವರ್ಷ ಆಯಿತಲ್ಲ ಮಾರಾಯ್ರೇ, ಇನ್ನೂ ನಂಬುತ್ತೀರಾ?" ನಂಬುತ್ತೇನೆ. ಯಾಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು, ನಾವು ಕಾಯುತ್ತಿರುವುದಾದರೂ ಏನನ್ನು? ಆತ್ಮ ಮೇಲೆ ಹಾರಿಹೋಗುತ್ತದೆ, ಭೂಮಿ ಸುಟ್ಟು ಬೂದಿಯಾಗುತ್ತದೆ, ಅಷ್ಟೇ ಎಂದುಕೊಂಡವರು ಕ್ರೈಸ್ತ ಸಭೆಯ ಒಳಗೂ ಬೇಕಾದಷ್ಟು ಜನ ಇದ್ದಾರೆ. ಆದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದು ದೇವರ ಚಿತ್ತ ಭೂಲೋಕದಲ್ಲಿಯೂ ನೆರವೇರಲಿ ಎಂದು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೆಯ ಅಧ್ಯಾಯದಲ್ಲೂ ಪರಿಶುದ್ಧ ಪಟ್ಟಣ ಮೇಲಿಂದ ಕೆಳಕ್ಕೆ ಇಳಿದು ಬರುತ್ತದೆ. ದೇವರೇ ಮನುಷ್ಯರ ನಡುವೆ ವಾಸಕ್ಕೆ ಬರುತ್ತಾನೆ.

ಆ ರಾಜ್ಯ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೆರೆಯುವುದು ಬೈಬಲಿನಲ್ಲಿರುವ ಪ್ರವಾದಿ ಜೆಕರ್ಯನ ಪುಸ್ತಕವನ್ನು. ಕ್ರಿಸ್ತಪೂರ್ವ 518ರ ಸುಮಾರು. ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ಹತ್ತಿರ ಹತ್ತಿರ 70 ವರ್ಷ ಕಳೆದಿದೆ. ಬಾಬಿಲೋನಿನವರು ಸೆರೆ ಒಯ್ದಿದ್ದ ಯೆಹೂದ್ಯರಲ್ಲಿ ಮರಳಿದವರು ಕಡಿಮೆ, ದೇವಾಲಯ ಇನ್ನೂ ಅರೆಬರೆ. ಬೇತೇಲ್ ಎಂಬ ಊರಿನಿಂದ ಬಂದ ಕೆಲವರು ಕೇಳುತ್ತಾರೆ: ದೇವಾಲಯ ಸುಟ್ಟುಹೋದ ಐದನೆಯ ತಿಂಗಳಲ್ಲಿ ಇಷ್ಟು ವರ್ಷದಿಂದ ಅತ್ತು ಉಪವಾಸ ಮಾಡುತ್ತಾ ಬಂದಿದ್ದೇವೆ, ಇನ್ನೂ ಅಳಬೇಕಾ? ಇದಕ್ಕೆ ಜೆಕರ್ಯ ಕೊಡುವ ಉತ್ತರದಲ್ಲಿ ಒಂದು ಬೀದಿ ಕಾಣುತ್ತದೆ. ಮುದುಕರು, ಮುದುಕಿಯರು ಕೈಯಲ್ಲಿ ಕೋಲು ಹಿಡಿದು ಯೆರೂಸಲೇಮಿನ ಚೌಕಗಳಲ್ಲಿ ಕೂತಿದ್ದಾರೆ. ಅವರ ಮುಂದೆ ಹುಡುಗ ಹುಡುಗಿಯರು ಬೀದಿ ತುಂಬ ಆಡುತ್ತಿದ್ದಾರೆ.

ಇಷ್ಟೇನಾ ಅನ್ನಿಸಬಹುದು. ಯುದ್ಧ ನಡೆದ ಊರಿನಲ್ಲಿ ಮೊದಲು ಕಾಣೆಯಾಗುವವರೇ ಮಕ್ಕಳು ಮತ್ತು ಮುದುಕರು. ಅವರಿಬ್ಬರೂ ಹೆದರಿಕೆಯಿಲ್ಲದೆ ಬೀದಿಯಲ್ಲಿದ್ದಾರೆ ಎಂದರೆ ಹಸಿವು ಇಲ್ಲ, ದಾಳಿ ಇಲ್ಲ, ಆಯುಸ್ಸು ಮುಗಿಯುವ ತನಕ ಬದುಕಿದ್ದಾರೆ ಎಂದೇ ಅರ್ಥ. ಅದೇ ಅಧ್ಯಾಯದಲ್ಲಿ ಹಳೆಯ ದಿನಗಳ ನೆನಪೂ ಇದೆ: ಮನುಷ್ಯನ ದುಡಿಮೆಗೆ ಕೂಲಿ ಇರಲಿಲ್ಲ, ದನದ ದುಡಿಮೆಗೂ ಇರಲಿಲ್ಲ, ಮನೆಯಿಂದ ಹೊರಗೆ ಹೋದವನು ಸುಖವಾಗಿ ಮರಳುತ್ತಾನೆಂಬ ಧೈರ್ಯವಿರಲಿಲ್ಲ. ಚಿನ್ನದ ಸಿಂಹಾಸನದ ವರ್ಣನೆಗಿಂತ ಈ ಮಾತು ನನ್ನನ್ನು ಹೆಚ್ಚು ಹಿಡಿದಿಟ್ಟುಕೊಂಡಿದೆ. ಕೂಲಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ದೇವರು ನನಗೆ ಬೇಕು.

ಯೆಶಾಯನ 65ನೆಯ ಅಧ್ಯಾಯವೂ ಇದೇ ದಾರಿಯಲ್ಲಿ ಹೋಗುತ್ತದೆ. ಹೊಸ ಆಕಾಶ, ಹೊಸ ಭೂಮಿ ಎಂದು ಶುರುಮಾಡಿ ಪ್ರವಾದಿ ಮನೆ, ತೋಟದ ಮಾತಿಗೆ ಇಳಿಯುತ್ತಾನೆ: ಮನೆ ಕಟ್ಟಿದವರೇ ಅದರಲ್ಲಿ ವಾಸಿಸುತ್ತಾರೆ, ತೋಟ ಮಾಡಿದವರೇ ಹಣ್ಣು ತಿನ್ನುತ್ತಾರೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರು ತಗಡಿನ ಶೆಡ್ಡಿನಲ್ಲಿರುತ್ತಾರೆ. ಕಟ್ಟಡ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಇನ್ನೊಂದು ಸೈಟಿಗೆ ಹೊರಡುತ್ತಾರೆ. ಅವರನ್ನು ನೋಡಿದಾಗಲೆಲ್ಲ ಈ ವಚನ ನೆನಪಾಗುತ್ತದೆ. ಇದು ಇನ್ನೂ ನೆರವೇರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಇಷ್ಟು ತಡ ಯಾಕೆ? ಗೆಳೆಯರ ಪ್ರಶ್ನೆ ಬೈಬಲಿನಲ್ಲೇ ಇದೆ. ಪೇತ್ರನ ಎರಡನೆಯ ಪತ್ರದಲ್ಲಿ ಕೆಲವರು, ಆತನು ಬರುತ್ತೇನೆಂದ ಮಾತು ಏನಾಯಿತು, ಎಲ್ಲ ಮೊದಲಿದ್ದ ಹಾಗೆಯೇ ಇದೆಯಲ್ಲ ಎಂದು ಹಂಗಿಸುತ್ತಾರೆ. ಪ್ರಕಟನೆಯಲ್ಲಿ ನಂಬಿಕೆಗಾಗಿ ಕೊಲೆಯಾದವರು, ಇನ್ನೆಷ್ಟು ಕಾಲ ಒಡೆಯನೇ ಎಂದು ಕೂಗುತ್ತಾರೆ. ಯಾರೂ ನಾಶವಾಗಬಾರದೆಂದು ದೇವರು ತಾಳಿಕೊಂಡಿದ್ದಾನೆ ಎಂಬುದು ಪೇತ್ರನ ಪತ್ರದ ಉತ್ತರ. ಅದನ್ನು ನಾನು ಒಪ್ಪುತ್ತೇನೆ. ಆದರೂ ಮಗುವನ್ನು ಕಳೆದುಕೊಂಡವರ ಮನೆಯಲ್ಲಿ ಕೂತು ಆ ಉತ್ತರ ಹೇಳಲಾರೆ. ಅಲ್ಲಿ ಅವರ ಜೊತೆ "ಇನ್ನೆಷ್ಟು ಕಾಲ" ಎಂದು ಕೇಳುವುದೇ ನನ್ನ ಪ್ರಾರ್ಥನೆ.

ನನ್ನ ನಂಬಿಕೆ ನಿಂತಿರುವುದು ಕ್ಯಾಲೆಂಡರಿನ ಮೇಲಲ್ಲ, ಯೇಸು ಸತ್ತು ಎದ್ದನೆಂಬ ಸುದ್ದಿಯ ಮೇಲೆ. ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದಂತೆ ಆತನು ಪ್ರಥಮಫಲ, ಅಂದರೆ ಸುಗ್ಗಿಯ ಮೊದಲ ಫಲ. ಉಳಿದ ಬೆಳೆ ಇನ್ನು ಬರಬೇಕು. ಆತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂದೂ ಪೌಲ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ತಾರೀಕು ಹೇಳುವವರಿಂದ ಮಾತ್ರ ದೂರ ಇರಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ-ಬೋಧಕ ಬೈಬಲಿನ ದಾನಿಯೇಲನ ಪುಸ್ತಕದ ಲೆಕ್ಕ ಹಾಕಿ ಕ್ರಿಸ್ತನ ಬರೋಣ ಹತ್ತಿರವಾಯಿತೆಂದು ಸಾರಿದ. ಕೊನೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟರು. ಮರುದಿನ ಅವರು ಅತ್ತ ಅಳು ಸುಳ್ಳಲ್ಲ. ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ, ಮಗನಿಗೂ ತಿಳಿಯದು ಎಂದು ಯೇಸುವೇ ಹೇಳಿರುವಾಗ, ವಾಟ್ಸ್ಯಾಪಿನಲ್ಲಿ ಯುದ್ಧದ ಫೋಟೋ ಹಾಕಿ "ಅಂತ್ಯ ಬಂತು" ಎಂದು ಹಬ್ಬಿಸುವುದು ಜನರನ್ನು ಹೆದರಿಸುವ ಕೆಲಸ. ನನಗೆ ಅದರ ಮೇಲೆ ಸಿಟ್ಟಿದೆ.

"ಹಾಗಾದರೆ ಸುಮ್ಮನೆ ಕೂತು ಕಾಯುವುದಾ?" ಎಂದು ಕೊನೆಗೆ ಕೇಳುತ್ತಾರೆ. ಥೆಸಲೊನೀಕ ಎಂಬ ಪಟ್ಟಣದ ಆದಿ ಕ್ರೈಸ್ತರಲ್ಲಿ ಕೆಲವರು ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂದು ಅವರಿಗೆ ಪತ್ರ ಹೋಯಿತು. ಜೆಕರ್ಯನೂ ಬೀದಿಯ ಕನಸು ತೋರಿಸಿದ ಮೇಲೆ ಜನರಿಗೆ ಕೆಲಸ ಹಚ್ಚುತ್ತಾನೆ: ಕೈ ಗಟ್ಟಿಮಾಡಿಕೊಳ್ಳಿ, ಒಬ್ಬರಿಗೊಬ್ಬರು ನಿಜ ಹೇಳಿ, ಊರಬಾಗಿಲಲ್ಲಿ ನ್ಯಾಯವಾದ ತೀರ್ಪು ಕೊಡಿ. ಆ ಎಂಟನೆಯ ಅಧ್ಯಾಯದಲ್ಲಿ ಇರುವುದು 23 ವಚನ. ಅಂತ್ಯದ ತಾರೀಕು ಹುಡುಕಲು ಪ್ರಕಟನೆಯ ಮೃಗಗಳ ಲೆಕ್ಕಕ್ಕೆ ಕೈಹಾಕುವ ಮೊದಲು ಅದನ್ನು ಓದಿ, ಆಮೇಲೆ ನನ್ನನ್ನು ಇನ್ನೊಂದು ಸಲ ಕೇಳಿ.