ಪೋಸಮ್ ಚರ್ಮದ ಹೊದಿಕೆ ಮತ್ತು ನಾಲ್ಕು ವರ್ಷದ ಕೇಳುಗರು

ಆಗಸ್ಟ್ 4, 2025, ಸೋಮವಾರ
ಮೆಲ್ಬರ್ನ್

ಇಂದು ಆಸ್ಟ್ರೇಲಿಯಾದ ಮೂಲನಿವಾಸಿ ಮತ್ತು ಟಾರೆಸ್ ಜಲಸಂಧಿ ದ್ವೀಪವಾಸಿ ಮಕ್ಕಳ ರಾಷ್ಟ್ರೀಯ ದಿನ. ಬ್ರಿಟಿಷ್ ಹಡಗುಗಳು ಸಿಡ್ನಿಯ ದಡ ಮುಟ್ಟಿ ಇನ್ನೂರು ವರ್ಷವಾಯಿತೆಂದು ದೇಶವೆಲ್ಲ ಸಂಭ್ರಮಿಸುತ್ತಿದ್ದ 1988ರಲ್ಲಿ, ಮೂಲನಿವಾಸಿಗಳದೇ ಆದ ಮಕ್ಕಳ ಹಿತರಕ್ಷಣಾ ಸಂಸ್ಥೆಯೊಂದು ಈ ದಿನವನ್ನು ಆರಂಭಿಸಿತು. ಇದೇ ತಾರೀಖನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಸರಕಾರ ಮತ್ತು ಮಿಷನರಿ ಸಂಸ್ಥೆಗಳು ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ಬೇರೆಡೆ ಬೆಳೆಸಿದವು. ಅವರಲ್ಲಿ ಎಷ್ಟೋ ಮಕ್ಕಳಿಗೆ ತಾವು ಹುಟ್ಟಿದ ದಿನವೇ ಗೊತ್ತಿರಲಿಲ್ಲವಾದ್ದರಿಂದ, ಆಗಸ್ಟ್ 4ರಂದು ಎಲ್ಲರಿಗೂ ಸೇರಿಸಿ ಒಂದೇ ಹುಟ್ಟುಹಬ್ಬ ಮಾಡುತ್ತಿದ್ದರು. ಆ ಅನ್ಯಾಯದ ತನಿಖಾ ವರದಿ 1997ರಲ್ಲಿ ಸಂಸತ್ತಿನ ಮುಂದೆ ಬಂತು. ಪ್ರಧಾನಿ ಕೆವಿನ್ ರಡ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ನಾಲ್ಕು ವರ್ಷದ ಮಕ್ಕಳೊಂದಿಗೆ ಇಂಥ ದಿನವನ್ನು ಹೇಗೆ ಕಳೆಯಬೇಕು? ಮೆರ್ರಿ ಕ್ರೀಕ್ ಎಂಬ ತೊರೆಯ ಸಮೀಪದಲ್ಲಿರುವ, ಶಾಲೆಗೆ ಸೇರುವ ಮುಂಚಿನ ಮಕ್ಕಳ ನಮ್ಮ ಕಿಂಡರ್‌ನಲ್ಲಿ ಪಂಜಾಬಿ, ಅರಬ್ಬಿ, ವಿಯೆಟ್ನಾಮಿ, ತೆಲುಗು ಮಾತಾಡುವ ಮನೆಗಳ ಮಕ್ಕಳಿದ್ದಾರೆ. ಅವರಿಗೆ ಕಲಿಸುವ ನಾನು ಹಾಸನದ ಕಡೆಯವಳು. ಶಾಲಾಪೂರ್ವ ಶಿಕ್ಷಣಕ್ಕೆಂದು 2009ರಲ್ಲಿ ರೂಪಿಸಿ 2022ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಕಲಿಕಾ ಚೌಕಟ್ಟು ಮೂಲನಿವಾಸಿಗಳ ದೃಷ್ಟಿಯನ್ನು ತನ್ನ ಮೂಲತತ್ವಗಳಲ್ಲಿ ಒಂದೆಂದು ಈಗ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಆ ದೃಷ್ಟಿ ನನ್ನದಲ್ಲ. ಯಾರದೋ ಅವರೇ ಬಂದು ಹೇಳಬೇಕು. ಹಾಗಾಗಿ ಈ ನೆಲದ ಮೂಲನಿವಾಸಿಗಳಾದ ವುರುಂಡ್ಜೆರಿ ಸಮುದಾಯದ ಹಿರಿಯರೊಬ್ಬರನ್ನು ತಿಂಗಳುಗಳ ಮೊದಲೇ ವಿಚಾರಿಸಿ, ಗೌರವಧನವನ್ನು ಗೊತ್ತುಮಾಡಿ ಆಹ್ವಾನಿಸಿದ್ದೆವು. ಹಿರಿಯ ಹೆಂಗಸರನ್ನು ‘ಆಂಟಿ’ ಎಂದೇ ಗೌರವದಿಂದ ಕರೆಯುವುದು ಅವರಲ್ಲಿ ರೂಢಿಯಾದ್ದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಪ್ರತಿದಿನ ಬೆಳಿಗ್ಗೆ ನಮ್ಮ ಮಕ್ಕಳು ನೆಲಕ್ಕೆ ಅಂಗೈ ಊರಿ, ಇದು ವುರುಂಡ್ಜೆರಿ ಜನರ ನೆಲ, ಇದನ್ನು ಜೋಪಾನ ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಯಾರು ಬೇಕಾದರೂ ಸಲ್ಲಿಸಬಹುದಾದ ಸ್ಮರಣೆ. ‘ನಮ್ಮ ನೆಲಕ್ಕೆ ಬನ್ನಿ’ ಎಂದು ಸ್ವಾಗತಿಸುವ ಅಧಿಕಾರವಾದರೋ ಆ ನೆಲದ ಜನರಿಗೆ ಮಾತ್ರ ಸೇರಿದ್ದು. ಇಂದು ಆಂಟಿ ‘ವೊಮಿಂಜೆಕಾ’ ಎಂದು ಸ್ವಾಗತಿಸಿದಾಗ, ದಿನವೂ ಹೇಳುತ್ತಿದ್ದ ಮಾತಿಗೆ ಆಚೆ ಕಡೆಯಿಂದ ಉತ್ತರ ಬಂದಿತೆಂಬುದು ಕೆಲವು ಮಕ್ಕಳಿಗಾದರೂ ಹೊಳೆದಿರಬೇಕು. ‘ಇದು ನಿಮ್ಮ ನೆಲವಾ? ನಮ್ಮ ಮರಳುಗುಂಡಿಯೂ ನಿಮ್ಮದೇನಾ?’ ಎಂದು ಒಬ್ಬ ಹುಡುಗ ಕೇಳಿದ. ಹೌದು, ಅದರಲ್ಲಿ ಚೆನ್ನಾಗಿ ಆಡು ಎಂದರು ಆಂಟಿ.

ನಂತರ ಅವರು ತಂದಿದ್ದ ಪೋಸಮ್ ಚರ್ಮದ ಹೊದಿಕೆಯನ್ನು ಚಾಪೆಯ ಮೇಲೆ ಹಾಸಿದರು. ಪೋಸಮ್ ಎಂದರೆ ರಾತ್ರಿ ಹೊತ್ತು ಇಲ್ಲಿನ ಮನೆಗಳ ಮಾಡಿನ ಮೇಲೆ ದಡದಡನೆ ಓಡಾಡುವ, ಬೆಕ್ಕಿನ ಗಾತ್ರದ, ಹೊಟ್ಟೆಚೀಲದಲ್ಲಿ ಮರಿಯನ್ನು ಹೊರುವ ಪ್ರಾಣಿ. ಮಕ್ಕಳಿಗೆಲ್ಲ ಅದರ ಪರಿಚಯವಿದೆ. ಆಸ್ಟ್ರೇಲಿಯಾದ ಚಳಿಯ ಆಗ್ನೇಯ ಭಾಗದ ಜನರಿಗೆ ಅದರ ಚರ್ಮವೇ ಉಡುಪು, ಅದೇ ಹಾಸಿಗೆ. ಚರ್ಮವನ್ನು ಮರದ ತೊಗಟೆಯ ಮೇಲೆ ಬಿಗಿದು ಒಣಗಿಸಿ, ಕೆರೆದು ಮೆದುಗೊಳಿಸಿ, ಕಾಂಗರೂ ಬಾಲದ ನರದಿಂದ ಹೊಲಿದು, ಒಳಮೈಯಲ್ಲಿ ತಮ್ಮ ಕುಲದ ಮತ್ತು ನೆಲದ ಗುರುತುಗಳನ್ನು ಗೀರಿ, ಕಾವಿಮಣ್ಣು ಬಳಿಯುತ್ತಿದ್ದರು. ಚಳಿಯಲ್ಲಿ ರೋಮವನ್ನು ಒಳಗೆ ಮಾಡಿ, ಮಳೆಯಲ್ಲಿ ಹೊರಗೆ ಮಾಡಿ ಹೊದೆಯುತ್ತಿದ್ದರು. ಹೆಂಗಸರು ಇದನ್ನೇ ಬಿಗಿಯಾಗಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಹಾಡಿನ ಹೊತ್ತಿಗೆ ವಾದ್ಯದಂತೆ ಬಡಿಯುತ್ತಿದ್ದರಂತೆ. ಆಂಟಿ ಸುತ್ತಿ ತೋರಿಸಿದ್ದೇ ತಡ, ಮಕ್ಕಳೆಲ್ಲ ತಮ್ಮ ತಮ್ಮ ಜಾಕೆಟ್ಟುಗಳನ್ನು ಸುತ್ತಿಕೊಂಡು ಬಡಿಯತೊಡಗಿದರು. ಐದು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ.

ಮಗು ಹುಟ್ಟಿದಾಗ ಕೆಲವೇ ಚರ್ಮಗಳ ಚಿಕ್ಕ ಹೊದಿಕೆಯನ್ನು ಮಾಡಿ, ಅದು ಬೆಳೆದಂತೆಲ್ಲ ಒಂದೊಂದೇ ಚರ್ಮವನ್ನು ಸೇರಿಸುತ್ತ ಹೋಗುತ್ತಿದ್ದರು. ಹಳೆಯ ಸೀರೆಗಳನ್ನು ತುಂಡು ತುಂಡಾಗಿ ಜೋಡಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಕೆಲಸದ ತಾಳ್ಮೆ ಅರ್ಥವಾದೀತು. ಆದರೆ ಈ ಹೊದಿಕೆಯಲ್ಲಿ ಹೊದ್ದವರ ಆಯುಸ್ಸಿನ ಲೆಕ್ಕವೂ ಇರುತ್ತಿತ್ತು. ಸತ್ತಾಗ ಅದರಲ್ಲೇ ಸುತ್ತಿ ಮಣ್ಣು ಮಾಡುತ್ತಿದ್ದರು. ಬಿಳಿಯರ ಆಡಳಿತ ಇದರ ಬದಲಿಗೆ ಕಂಬಳಿ ಹಂಚಿತು. ಮಳೆಯಲ್ಲಿ ನೆನೆಯುವ ಆ ಕಂಬಳಿಗಳಿಂದ ಜನ ಕಾಯಿಲೆ ಬಿದ್ದರು, ಹೊದಿಕೆ ಹೊಲಿಯುವ ವಿದ್ಯೆಯೂ ಹಿಂದೆ ಸರಿಯಿತು. ಹತ್ತೊಂಬತ್ತನೆಯ ಶತಮಾನದ ಎರಡು ಹೊದಿಕೆಗಳು, ಈಗ ಎಚೂಕಾ ಎನಿಸಿಕೊಂಡಿರುವ ಊರಿನ 1853ರದ್ದು ಮತ್ತು ಲೇಕ್ ಕೊಂಡಾದ 1872ರದ್ದು, ಮೆಲ್ಬರ್ನ್ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. 1999ರಲ್ಲಿ ಅವುಗಳನ್ನು ಕಣ್ಣಾರೆ ಕಂಡ ವಿಕಿ ಕೂಜನ್ಸ್, ಡೆಬ್ರಾ ಕೂಜನ್ಸ್, ಲೀ ಡ್ಯಾರೋಕ್, ಟ್ರಿಯಾನಾ ಹ್ಯಾಮ್ ಎಂಬ ಕಲಾವಿದೆಯರು ಅದೇ ಮಾದರಿಯನ್ನು ಮತ್ತೆ ಹೊಲಿಯತೊಡಗಿದರು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ನಮ್ಮ ವಿಕ್ಟೋರಿಯಾ ರಾಜ್ಯದ ಮೂಲನಿವಾಸಿ ಹಿರಿಯರು ಹೊದಿಕೆ ಹೊದ್ದು ಬರುವಷ್ಟರ ಮಟ್ಟಿಗೆ ಆ ವಿದ್ಯೆ ಮರಳಿ ಬಂದಿತು. ಇದರಲ್ಲಿ ಒಂದು ವಿಚಿತ್ರವೂ ಇದೆ. ಆಸ್ಟ್ರೇಲಿಯಾದಲ್ಲಿ ಪೋಸಮ್ ಸಂರಕ್ಷಿತ ಪ್ರಾಣಿಯಾಗಿರುವುದರಿಂದ, ಚರ್ಮವನ್ನು ನ್ಯೂಜಿಲೆಂಡಿನಿಂದ ತರಿಸಬೇಕು. ಅಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಬಿಟ್ಟ ಪೋಸಮ್‌ಗಳು ಹೆಚ್ಚಿಕೊಂಡು ಈಗ ಕಾಡಿಗೇ ಪೀಡೆಯಾಗಿವೆ.

ಅಂಗಳಕ್ಕೆ ಹೋದಾಗ ಬೇಲಿಯ ಬಳಿ ಬೆಳ್ಳಿ ವಾಟಲ್ ಮರ ಹಳದಿ ಹೂವಿನಿಂದ ತುಂಬಿತ್ತು. ಇದು ನಮ್ಮ ಜಾಲಿಯ ಬಳಗದ್ದು. ಕ್ಯಾಲೆಂಡರಿನ ಪ್ರಕಾರ ಇನ್ನೂ ಚಳಿಗಾಲವಾದರೂ ಇಲ್ಲಿನ ಜನರ ಲೆಕ್ಕದಲ್ಲಿ ವರ್ಷಕ್ಕೆ ಏಳು ಋತುಗಳು. ಏಪ್ರಿಲಿನಿಂದ ನಡೆದುಬಂದ ವೊಂಬ್ಯಾಟ್ ಋತು ‘ವಾರಿಂಗ್’ ಮುಗಿದು, ಆರ್ಕಿಡ್‌ಗಳು ಅರಳುವ ‘ಗುಲಿಂಗ್’ ಈಗ ಕಾಲಿಟ್ಟಿದೆ. ಇನ್ನೊಂದು ತಿಂಗಳಿಗೆ ಗೊದಮೊಟ್ಟೆಗಳ ಋತು, ಮಾರ್ಚಿಗೆ ಹಾವುಮೀನಿನದು. ನಾಲ್ಕು ವರ್ಷದವರಿಗೆ ‘ಆಗಸ್ಟ್’ ಎಂಬುದು ಬರಿಯ ಶಬ್ದ, ಹೂವಾದರೆ ಕೈಗೆ ಸಿಗುತ್ತದೆ. ವುರುಂಡ್ಜೆರಿ ನಾಯಕ ವಿಲಿಯಂ ಬರಾಕ್, ವಾಟಲ್ ಹೂ ಬಿಟ್ಟಾಗ ತಾನು ಹೋಗುತ್ತೇನೆಂದು ಹೇಳಿದ್ದನೆಂದೂ 1903ರ ಆಗಸ್ಟಿನಲ್ಲಿ ಹಾಗೆಯೇ ಆಯಿತೆಂದೂ ಇಲ್ಲಿ ಹೇಳುತ್ತಾರೆ. ಹೊದಿಕೆ ಹೊದ್ದು ನಿಂತ ಜನರ ಸಾಲುಗಳನ್ನು ಅವನು ಬಿಡಿಸಿದ ಚಿತ್ರಗಳ ಪ್ರತಿಯನ್ನು ಮಕ್ಕಳು ಕಳೆದ ವಾರವಷ್ಟೇ ನೋಡಿದ್ದರು.

ಮುರ್ನಾಂಗ್ ಗಿಡದ ಎಳೆಯ ಸಸಿಗಳನ್ನೂ ಆಂಟಿ ತಂದಿದ್ದರು. ಹಳದಿ ಹೂವಿನ ಈ ಪುಟ್ಟ ಗಿಡದ ಗೆಡ್ಡೆಯೇ ಒಂದು ಕಾಲಕ್ಕೆ ಈ ಬಯಲಿನ ಮುಖ್ಯ ಆಹಾರವಾಗಿತ್ತು. ಹೆಂಗಸರೂ ಮಕ್ಕಳೂ ಅಗೆಯುವ ಕೋಲು ಹಿಡಿದು ಹೋಗಿ, ದೊಡ್ಡ ಗೆಡ್ಡೆಗಳನ್ನು ಆಯ್ದುಕೊಂಡು ಚಿಕ್ಕವನ್ನು ಮಣ್ಣಿಗೇ ಬಿಡುತ್ತಿದ್ದರು. ಅಗೆದಂತೆ ಮಣ್ಣು ಸಡಿಲವಾಗಿ ಮರುವರ್ಷ ಇನ್ನಷ್ಟು ಬೆಳೆಯುತ್ತಿತ್ತು. 1835ರ ನಂತರ ಬಂದ ವಲಸಿಗರ ಕುರಿಗಳು ಗಿಡವನ್ನು ಬೇರು ಸಮೇತ ಮೇಯ್ದು, ಕೆಲವೇ ವರ್ಷಗಳಲ್ಲಿ ಬಯಲು ಬರಿದಾಗಿ ಜನ ಹಸಿವಿಗೆ ಬಿದ್ದರು. ಸಸಿ ನೆಡುವಾಗ ಆಂಟಿ ಇಷ್ಟನ್ನೆಲ್ಲ ಹೇಳಲಿಲ್ಲ. ಎಲ್ಲವನ್ನೂ ಕೀಳಬಾರದು, ನಾಳೆಗೂ ಇರಬೇಕು ಎಂದಷ್ಟೇ ಹೇಳಿ, ಕುರಿಗಳ ಕಥೆಯನ್ನು ನಮ್ಮ ಪಾಲಿಗೆ ಬಿಟ್ಟರು. ಯಾವ ವಯಸ್ಸಿಗೆ ಎಷ್ಟು ಎಂಬ ಅವರ ಅಳತೆ ನನಗೆ ಪಠ್ಯಕ್ರಮಕ್ಕಿಂತ ಖಚಿತವೆನಿಸಿತು.

ಊಟಕ್ಕೆ ಮುನ್ನ ಬುಂಜಿಲನ ಕಥೆ. ಗರುಡನಂಥ ದೊಡ್ಡ ಹದ್ದಿನ ರೂಪದ ಬುಂಜಿಲನೇ ಈ ನೆಲವನ್ನೂ ಜನರನ್ನೂ ಸೃಷ್ಟಿಸಿದವನು. ನೆರೆಯ ಬೂನ್ ವುರುಂಗ್ ಸಮುದಾಯದ ಹಿರಿಯರು ಅತಿಥಿಗಳಿಂದ ಎರಡು ವಚನ ಪಡೆಯುವುದುಂಟು: ಬುಂಜಿಲನ ನೆಲಕ್ಕೆ ಕೇಡು ಮಾಡಬಾರದು, ಬುಂಜಿಲನ ಮಕ್ಕಳಿಗೆ ಕೇಡು ಮಾಡಬಾರದು. ಕಥೆಯ ಯಾವ ಭಾಗವನ್ನು ನಾವು ಮತ್ತೆ ಹೇಳಬಹುದು, ಯಾವುದನ್ನು ಅವರ ಬಾಯಿಂದಲೇ ಕೇಳಬೇಕು ಎಂಬುದನ್ನು ಆಂಟಿ ಮೊದಲೇ ನನಗೆ ತಿಳಿಸಿದ್ದರಿಂದ ಕಥೆಯನ್ನು ಇಲ್ಲಿ ಬರೆಯುತ್ತಿಲ್ಲ, ಧ್ವನಿಮುದ್ರಿಸಿಕೊಳ್ಳಲೂ ಇಲ್ಲ. ಇಂದಿನ ದಿನದ ವಿಷಯಕ್ಕೆ ಬಂದಾಗ, ಬಹಳ ಹಿಂದೆ ಕೆಲವು ಮಕ್ಕಳನ್ನು ಅವರ ಅಮ್ಮಂದಿರಿಂದ ದೂರ ಕರೆದೊಯ್ದಿದ್ದರು, ಅದು ತಪ್ಪು, ಈಗ ಆ ಮನೆಯವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಿದ್ದಾರೆ ಎಂದು ಮೂರೇ ವಾಕ್ಯದಲ್ಲಿ ಹೇಳಿದರು. ‘ಸಿಕ್ಕರಾ?’ ಎಂದಳು ಒಂದು ಹುಡುಗಿ. ‘ಕೆಲವರು’ ಎಂದರು ಆಂಟಿ.

ಸಂಜೆ ಮಗುವನ್ನು ಕರೆದೊಯ್ಯಲು ಬಂದ ಪೋಷಕರೊಬ್ಬರು, ವರ್ಷಾಂತ್ಯದ ಪ್ರದರ್ಶನಕ್ಕೆ ಮಕ್ಕಳಿಂದ ಚುಕ್ಕಿ ಚಿತ್ರಗಳನ್ನು ಬಿಡಿಸಿ, ಡಿಜರಿಡೂ ಎಂಬ ಉದ್ದನೆಯ ಮರದ ಕೊಳವೆ ವಾದ್ಯವನ್ನು ಊದಿಸಿದರೆ ಚೆಂದವಲ್ಲವೇ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಎಷ್ಟೋ ಕಡೆ ಹತ್ತಿಯ ಕಡ್ಡಿಯಿಂದ ಚುಕ್ಕಿ ಇಡಿಸುವುದನ್ನೇ ಮೂಲನಿವಾಸಿ ಸಂಸ್ಕೃತಿಯ ಪಾಠವೆಂದು ಭಾವಿಸುತ್ತಾರೆ. ಆ ಪೋಷಕರಿಗೆ ಉತ್ತರವನ್ನು ಬರೆದು ಕೊಡುವುದೇ ಮೇಲೆಂದು ಈಗ ಕುಳಿತಿದ್ದೇನೆ. ಕ್ಯಾನ್ವಾಸಿನ ಚುಕ್ಕಿ ಚಿತ್ರ ಹುಟ್ಟಿದ್ದು ಇಲ್ಲಿಂದ ರಸ್ತೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ದೂರದ ಮರಳುಗಾಡಿನ ಪಪುನ್ಯಾದಲ್ಲಿ. ಜೆಫ್ರಿ ಬಾರ್ಡನ್ ಎಂಬ ಶಿಕ್ಷಕರ ಪ್ರೋತ್ಸಾಹದಿಂದ 1971ರಲ್ಲಿ ಅಲ್ಲಿನ ಹಿರಿಯ ಗಂಡಸರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆಯನ್ನು ಚಿತ್ರಿಸಿದರು. ಮರುವರ್ಷ ತಮ್ಮದೇ ಕಲಾವಿದರ ಕಂಪನಿಯನ್ನು ಕಟ್ಟಿದರು. ಪ್ರತಿಯೊಂದು ಚಿತ್ರದ ಕಥೆಗೂ ಹಕ್ಕುದಾರರಿದ್ದಾರೆ, ಬಿಡಿಸಲು ಅನುಮತಿ ಬೇಕು. ಡಿಜರಿಡೂ ಕೂಡ ಉತ್ತರದ ಆರ್ನೆಮ್ ಲ್ಯಾಂಡ್ ಕಡೆಯ ವಾದ್ಯ. ವುರುಂಡ್ಜೆರಿ, ಬೂನ್ ವುರುಂಗ್ ಮೊದಲಾದವರನ್ನು ಒಳಗೊಂಡ ಇಲ್ಲಿನ ಕೂಲಿನ್ ಜನರ ಕಲೆಯಲ್ಲಿ ಕಾಣುವುದು ಗುರಾಣಿಗಳ ಮೇಲೆ, ಹೊದಿಕೆಗಳ ಒಳಮೈಯಲ್ಲಿ ಗೀರಿದ ವಜ್ರಾಕಾರಗಳು, ಅಂಕುಡೊಂಕು ಗೆರೆಗಳು. ಅವನ್ನೂ ಮಕ್ಕಳಿಂದ ನಕಲು ಮಾಡಿಸುವ ಬದಲು, ತಮ್ಮ ಮನೆ, ತೊರೆ, ತಾವು ನೆಟ್ಟ ಗಿಡ ಇವುಗಳಿಗೆ ತಮ್ಮದೇ ಗುರುತು ಹುಡುಕಿಕೊಂಡು ಕಂದುಬಣ್ಣದ ಕಾಗದದ ಮೇಲೆ ಗೀರಲಿ ಎಂದು ಆಂಟಿ ಹೊರಡುವಾಗ ಸೂಚಿಸಿದರು. ಪ್ರದರ್ಶನಕ್ಕೆ ಅದನ್ನೇ ಇಡುವುದೆಂದೂ, ಆಂಟಿಯ ಒಪ್ಪಿಗೆ ಬರುವವರೆಗೆ ಇಂದಿನ ಫೋಟೋಗಳನ್ನು ಯಾರೂ ಹಂಚಿಕೊಳ್ಳಬಾರದೆಂದೂ, ನವೆಂಬರಿನಲ್ಲಿ ಹುಲ್ಲು ಹೂಬಿಡುವ ಋತುವಿಗೆ ಅವರು ಮತ್ತೆ ಬಂದಾಗ ಪೋಷಕರೂ ಜೊತೆಗಿರಬಹುದೆಂದೂ ಪತ್ರದಲ್ಲಿ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಅದನ್ನು ಎಲ್ಲ ಮನೆಗಳಿಗೂ ಕಳುಹಿಸಬೇಕು.